ಬೋರ್ಡಿಲ್ಲದ ಅಂಗಡಿಯೂ ಅಂಗಡಿಯೇ

ನಮ್ಮ ಕಡೆ ಹುಡುಗನ ವಿಚಾರಣೆಗೆ ಬಂದವರ ಹತ್ತಿರ "ಅವನು ಮನೆಯಲ್ಲೇ ಇದ್ದಾನೆ" ಎಂದು ಒಬ್ಬರು ಹೇಳಿದರೆ ಸಾಕು, ಆ ಸಂಬಂಧ ಅಲ್ಲಿಗೆ ಮುಗಿಯಿತು. ಮನೆಯಲ್ಲಿದ್ದಾನೆ ಅಂದರೆ ಕೆಲಸ ಇಲ್ಲ, ಇಲ್ಲವೇ ಗಲ್ಫಿಗೆ ಹೋಗಿ ನಿಲ್ಲಲಾಗದೆ ವಾಪಸು ಬಂದಿದ್ದಾನೆ, ಇಲ್ಲವೇ ಹೇಳಲಾಗದ ಇನ್ನೇನೋ ಇದೆ ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ. ಅವನು ಕೋಣೆಯಲ್ಲಿ ಕುಳಿತು ದಿನಕ್ಕೆ ಎಂಟು ಹತ್ತು ಗಂಟೆ ಪ್ರೋಗ್ರಾಂ ಬರೆಯುವವನಿರಬಹುದು. ಆ ದುಡ್ಡಿನಲ್ಲಿ ಮನೆಖರ್ಚು ನಡೆಸಿ, ತಂಗಿಯ ಮದುವೆಯ ಸಾಲ ತೀರಿಸಿದವನಿರಬಹುದು. ಅದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. "ಕಂಪ್ಯೂಟರಿನಲ್ಲಿ ಎಂತದೋ ಮಾಡ್ತಾನಂತೆ" ಎಂಬಲ್ಲಿಗೆ ಅವನ ಹತ್ತು ವರ್ಷದ ದುಡಿಮೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಈ ಮಾತಿನ ವಿರುದ್ಧವೇ ನಾನು ಬರೆಯುತ್ತಿದ್ದೇನೆ. ಒಂದು ಕಂಪೆನಿಯ ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದೆ, ಬೇರೆ ಬೇರೆಯವರಿಗೆ ಸಾಫ್ಟ್‌ವೇರ್ ಮಾಡಿಕೊಟ್ಟು ದುಡಿಯುವವನನ್ನು ಫ್ರೀಲ್ಯಾನ್ಸ್ ಪ್ರೋಗ್ರಾಮರ್ ಎನ್ನುತ್ತಾರೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನ ನಮ್ಮ ಮನೆಗಳಲ್ಲಿ ಈಗ ಇಂಥವರು ಇದ್ದಾರೆ. ಇವರ ವಿಷಯದಲ್ಲಿ ನಮ್ಮ ಸಮಾಜ ಮೂರು ಅನ್ಯಾಯ ಮಾಡುತ್ತಿದೆ. ಇವರ ಕೆಲಸವನ್ನು ಕೆಲಸ ಎಂದು ಒಪ್ಪುವುದಿಲ್ಲ. ಒಪ್ಪದಿದ್ದರೂ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಸಿಕೊಳ್ಳುತ್ತದೆ. ಇವರ ಹವ್ಯಾಸಗಳನ್ನು ಹುಚ್ಚು ಎಂದು ನಗುತ್ತದೆ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲು ನಾವು ಯಾರು ಎಂಬುದನ್ನು ನೆನಪು ಮಾಡಿಕೊಳ್ಳಬೇಕು. ತುಳುವಿನಲ್ಲಿ ಬ್ಯಾರ ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎಂದು ಎದೆಯುಬ್ಬಿಸಿ ಹೇಳುವವರು ನಾವು. ನಮ್ಮ ಅಜ್ಜಂದಿರು ಮೀನು, ಅಡಿಕೆ, ಒಳ್ಳೆಮೆಣಸು, ಅಕ್ಕಿ, ಬಟ್ಟೆ ಮಾರಿದರು. ಅವರಲ್ಲಿ ಯಾರ ಕೈಯಲ್ಲೂ ನೇಮಕಾತಿ ಪತ್ರ ಇರಲಿಲ್ಲ. ತಿಂಗಳ ಒಂದನೇ ತಾರೀಕು ಯಾರೂ ಅವರಿಗೆ ಸಂಬಳ ಹಾಕಲಿಲ್ಲ. ಒಂದು ತಿಂಗಳು ವ್ಯಾಪಾರ ಚೆನ್ನಾಗಿತ್ತು, ಆಟಿ ತಿಂಗಳಲ್ಲಿ ಸೊರಗಿತು, ಮತ್ತೆ ಎದ್ದಿತು. ಹಾಗಿದ್ದರೂ ಅವರಿಗೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡಲಿಲ್ಲ. ನಾನು ಜಿನಸು ಅಂಗಡಿಯವರ ಮಗ. ನನ್ನ ಉಪ್ಪನ ಹತ್ತಿರ "ನಿಮ್ಮ ಕಂಪೆನಿ ಯಾವುದು" ಎಂದು ಜನ್ಮದಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕಾಣೆ. ಬೋರ್ಡು ಇತ್ತು, ತಕ್ಕಡಿ ಇತ್ತು, ಗಿರಾಕಿಗಳು ಇದ್ದರು, ಕಡ ಬರೆಯುವ ಪುಸ್ತಕ ಇತ್ತು. ಅಷ್ಟು ಸಾಕಾಗಿತ್ತು.

ಹಾಗಾದರೆ ಕಂಪೆನಿ ಹೆಸರು ಕೇಳುವ ಅಭ್ಯಾಸ ನಮಗೆ ಬಂದದ್ದು ಎಲ್ಲಿಂದ? ನನ್ನ ತಿಳಿವಳಿಕೆಯಲ್ಲಿ ಗಲ್ಫಿನಿಂದ. 1973ರ ನಂತರ ತೈಲದ ಬೆಲೆ ಏರಿ ಅಲ್ಲಿ ಕಟ್ಟಡ, ರಸ್ತೆ, ಅಂಗಡಿಗಳು ಎದ್ದಾಗ ಕರಾವಳಿಯ ಹುಡುಗರು ಹೋದರು. ಮನೆಗಳು ಎದ್ದವು, ಅಕ್ಕತಂಗಿಯರ ಮದುವೆ ಆಯಿತು. ಆ ಬೆವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಅದರ ಜೊತೆಗೆ ಒಂದು ಅಳತೆಗೋಲೂ ಬಂತು: ವಿಸಾ ಯಾವುದು, ಕಂಪೆನಿ ಯಾವುದು, ರಜೆ ಎಷ್ಟು ವರ್ಷಕ್ಕೆ. ಅಲ್ಲಿ ಅಗತ್ಯವಿದ್ದ ಪ್ರಶ್ನೆಗಳು ಅವು. ಈಗ ಇಡೀ ಲೋಕವನ್ನೇ ಅದೇ ಕೋಲಿನಿಂದ ಅಳೆಯುತ್ತೇವೆ. ವ್ಯಾಪಾರದಿಂದ ಹೆಸರು ಪಡೆದ ಜನ ಸ್ವಂತ ಕಾಲಿನ ಮೇಲೆ ನಿಂತು ದುಡಿಯುವವನನ್ನು ನಿರುದ್ಯೋಗಿ ಎನ್ನುವುದಕ್ಕಿಂತ ದೊಡ್ಡ ತಮಾಷೆ ಬೇರೆ ಇಲ್ಲ.

ಈ ಕೆಲಸ ಎಂತದು ಎಂದು ಗೊತ್ತಿಲ್ಲದವರಿಗಾಗಿ ಒಂದು ಉದಾಹರಣೆ ಕೊಡುತ್ತೇನೆ. ಮಂಜೇಶ್ವರದ ಒಂದು ಸಗಟು ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬೇಕು ಅಂದುಕೊಳ್ಳಿ. ಅಲ್ಲಿಂದ ಸರಕು ಕುಂಬಳೆಯ ಅಂಗಡಿಗೆ ಹೋದರೆ ಅದು ಕೇರಳದ ಒಳಗಿನ ಮಾರಾಟ. ತೆರಿಗೆಯನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಪಾಲು ಮಾಡಿ ತೋರಿಸಬೇಕು. ಅದೇ ಸರಕು ಅದೇ ಟೆಂಪೋದಲ್ಲಿ ಉತ್ತರಕ್ಕೆ ಹೊರಟು ತಲಪಾಡಿ ದಾಟಿ ಉಳ್ಳಾಲದ ಅಂಗಡಿಗೆ ಹೋದರೆ ಅದು ಅಂತರರಾಜ್ಯ ಮಾರಾಟ. ಆಗ ಐಜಿಎಸ್‌ಟಿ ಎಂದು ಒಂದೇ ಸಾಲು. ಐದು ಶೇಕಡಾ ತೆರಿಗೆಯನ್ನು ಎರಡೂವರೆ, ಎರಡೂವರೆ ಎಂದು ಒಡೆಯುವಾಗ ಪೈಸೆ ಎಲ್ಲಿ ಸುತ್ತಿಕೊಳ್ಳಬೇಕು, ಸರಕು ವಾಪಸು ಬಂದರೆ ಹಳೆಯ ಬಿಲ್ಲಿಗೆ ಎಂತ ಮಾಡಬೇಕು, ಮಳೆಗಾಲದಲ್ಲಿ ಕರೆಂಟು ಹೋಗಿ ಅರ್ಧ ಬಿಲ್ಲಿನಲ್ಲೇ ಕಂಪ್ಯೂಟರ್ ಆರಿದರೆ ಎಷ್ಟು ಉಳಿಯಬೇಕು, ಎಷ್ಟು ಅಳಿಯಬೇಕು. ಇದೆಲ್ಲ ಯೋಚಿಸಿ, ಬರೆದು, ತಪ್ಪು ಹುಡುಕಿ, ತಿದ್ದಿ ಕೊಡುವುದೇ ಪ್ರೋಗ್ರಾಮರನ ಕೆಲಸ. ಇಡೀ ದಿನ ಪರದೆ ನೋಡುತ್ತಾ ಸುಮ್ಮನೆ ಕುಳಿತಂತೆ ಕಾಣುವವನು ಬಹುಶಃ ಒಂದು ಪೈಸೆಯ ಹಿಂದೆ ಓಡುತ್ತಿರುತ್ತಾನೆ. ಆ ಒಂದು ಪೈಸೆ ಸಿಗದಿದ್ದರೆ ತಿಂಗಳ ಕೊನೆಯಲ್ಲಿ ಅಂಗಡಿಯವನ ಲೆಕ್ಕ ಕೂಡುವುದಿಲ್ಲ.

ಇನ್ನು "ರಾತ್ರಿಯಿಡೀ ಲೈಟು ಉರಿಯುತ್ತದೆ" ಎಂಬ ದೂರು. ಗಿರಾಕಿ ನ್ಯೂಯಾರ್ಕಿನಲ್ಲಿದ್ದರೆ ಅವನ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದೆ ಇರುತ್ತದೆ. ಅವನು ಬೆಳಿಗ್ಗೆ ಚಹಾ ಕುಡಿದು ಕಚೇರಿಗೆ ಬಂದಾಗ ನಮ್ಮಲ್ಲಿ ಸಂಜೆಯಾಗಿರುತ್ತದೆ. ಅವನ ಜೊತೆ ಮಾತಾಡಬೇಕಾದರೆ ರಾತ್ರಿಯೇ ಮಾತಾಡಬೇಕು. ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಬೆಳಗಿನ ಜಾವ ಮೂರು ಗಂಟೆಗೆ ಮೀನಿಗೆ ಹೋಗುವವನನ್ನು ನಾವು ಸಂಶಯದಿಂದ ನೋಡುವುದಿಲ್ಲ. ಯಾಕೆಂದರೆ ಮೀನಿನ ಸಮಯ ಅದು ಎಂದು ನಮಗೆ ಗೊತ್ತು. ಇವನ ಮಾರುಕಟ್ಟೆ ತೆರೆಯುವ ಸಮಯ ಇದು ಎಂದು ತಿಳಿದುಕೊಳ್ಳಲು ಅಷ್ಟು ಕಷ್ಟವೇ?

ಹೊರದೇಶದಿಂದ ಅವನಿಗೆ ಹಣ ಬಂದಾಗ ಬ್ಯಾಂಕು ಅದನ್ನು ಸುಮ್ಮನೆ ಖಾತೆಗೆ ಹಾಕುವುದಿಲ್ಲ. ಯಾವ ಉದ್ದೇಶದ ಹಣ ಎಂದು ಒಂದು ಸಂಕೇತ ಬರೆಯಬೇಕು. ಸಾಫ್ಟ್‌ವೇರ್ ಸಲಹೆಯ ಕೆಲಸಕ್ಕೆ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಪಿ0802 ಎಂಬ ಸಂಕೇತ ಇದೆ. ಅಂದರೆ ದೇಶದ ರಿಸರ್ವ್ ಬ್ಯಾಂಕು ಈ ಕೆಲಸವನ್ನು ಗುರುತಿಸಿ ನಂಬರು ಕೊಟ್ಟಾಗಿದೆ. ಆದಾಯ ತೆರಿಗೆ ಇಲಾಖೆ ಅವನ ರಿಟರ್ನ್ ತೆಗೆದುಕೊಳ್ಳುತ್ತದೆ. ವರ್ಷದ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡು ಎನ್ನುತ್ತದೆ ಕಾನೂನು. ಇವರೆಲ್ಲರಿಗೂ ಕಾಣುವ ಕೆಲಸ ನಮ್ಮ ಮಾಮನಿಗೆ ಮಾತ್ರ ಕಾಣುವುದಿಲ್ಲ.

"ಅದು ಖಾಯಂ ಅಲ್ಲವಲ್ಲ" ಎಂಬುದು ದೊಡ್ಡವರ ಮುಖ್ಯ ಆಕ್ಷೇಪ. ನಿಜ, ಖಾಯಂ ಅಲ್ಲ. ಆದರೆ ಖಾಯಂ ಎಂದು ನಾವು ನಂಬಿದ್ದು ಎಷ್ಟು ಖಾಯಂ ಆಗಿತ್ತು? 2011ರಲ್ಲಿ ಸೌದಿ ಅರೇಬಿಯಾ ನಿತಾಖತ್ ತಂದಿತು. 2013ರಲ್ಲಿ ಅದನ್ನು ಬಿಗಿ ಮಾಡಿದಾಗ ಎಷ್ಟು ಜನ ಪೆಟ್ಟಿಗೆ ಕಟ್ಟಿಕೊಂಡು ಬಂದರು ಎಂಬುದನ್ನು ನಮ್ಮ ಊರುಗಳು ಮರೆತಿಲ್ಲ. 2020ರಲ್ಲಿ ಕೊರೋನಾ ಬಂದಾಗ ವಂದೇ ಭಾರತ್ ವಿಮಾನಕ್ಕೆ ಹೆಸರು ಬರೆಸಿ ಕಾದವರಲ್ಲಿ ದೊಡ್ಡ ದೊಡ್ಡ ಕಂಪೆನಿಯ ಹೆಸರು ಹೇಳುತ್ತಿದ್ದವರೂ ಇದ್ದರು. ಅದೇ ವರ್ಷ ಮಾರ್ಚಿನಲ್ಲಿ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಇಲ್ಲಿ ಜನ ಪ್ರಾಣ ಬಿಟ್ಟರು. ದಿನಾ ಗಡಿ ದಾಟಿ ಕೆಲಸಕ್ಕೆ ಹೋಗುತ್ತಿದ್ದವರು ಮನೆಯಲ್ಲಿ ಕುಳಿತರು. ಆ ದಿನಗಳಲ್ಲೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಕುಳಿತವನು "ಮನೆಯಲ್ಲೇ ಇದ್ದಾನೆ" ಎಂದು ನಾವು ಕೀಳಾಗಿ ಕಂಡ ಹುಡುಗ. ಒಬ್ಬ ಧಣಿಯನ್ನು ನಂಬಿದವನಿಗೆ ಆ ಒಬ್ಬ ಧಣಿ ಹೋದರೆ ಎಲ್ಲವೂ ಹೋಯಿತು. ಐದು ಗಿರಾಕಿ ಇದ್ದವನಿಗೆ ಒಬ್ಬ ಹೋದರೆ ನಾಲ್ವರು ಉಳಿಯುತ್ತಾರೆ. ಇದು ಅಂಗಡಿಯವನ ಲೆಕ್ಕ. ಇದನ್ನು ಬ್ಯಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎದುರು ಪಕ್ಷದ ಒಂದು ಮಾತು ಮಾತ್ರ ಸರಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಲ್ಯಾಪ್‌ಟಾಪ್ ಮುಂದೆ ಕುಳಿತವರೆಲ್ಲ ದುಡಿಯುವವರಲ್ಲ. "ಆನ್‌ಲೈನ್ ಕೆಲಸ" ಎಂದು ಹೇಳಿಕೊಂಡು ಟೆಲಿಗ್ರಾಂನಲ್ಲಿ ಲೈಕ್ ಒತ್ತಿದರೆ ದುಡ್ಡು ಬರುತ್ತದೆ ಎಂದು ನಂಬಿ ಉಮ್ಮನ ಬಂಗಾರ ಕಳೆದವರಿದ್ದಾರೆ. ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಗುರುತಿಲ್ಲದವರಿಗೆ ಬಿಟ್ಟುಕೊಟ್ಟು, ಮೋಸದ ಹಣ ಅದರಲ್ಲಿ ಹರಿದು, ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ ಹುಡುಗರಿದ್ದಾರೆ. ಹೆತ್ತವರಿಗೆ ಭಯ ಇರುವುದು ಸಹಜ. ಆದರೆ ಭಯಕ್ಕೆ ಪರಿಹಾರ ವಿಚಾರಿಸುವುದು, ಬಾಯಿಗೆ ಬಂದಂತೆ ಹೇಳುವುದಲ್ಲ. ವಿಚಾರಿಸಲು ದಾರಿ ಇದೆ. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ತೋರಿಸು ಎನ್ನಿ. ಗಿರಾಕಿಗಳಿಗೆ ಕೊಟ್ಟ ಬಿಲ್ ತೋರಿಸು ಎನ್ನಿ. ಮಾಡಿದ ಕೆಲಸ ಯಾವುದು, ಅದು ಈಗಲೂ ನಡೆಯುತ್ತಿದೆಯೇ ಎಂದು ಕೇಳಿ. ನಿಜವಾಗಿ ದುಡಿಯುವವನು ಐದು ನಿಮಿಷದಲ್ಲಿ ತೋರಿಸುತ್ತಾನೆ. ತೋರಿಸಲು ಏನೂ ಇಲ್ಲದವನು ಮಾತು ಬದಲಿಸುತ್ತಾನೆ. ಗಲ್ಫಿನ ಸಂಬಳ ಎಷ್ಟೆಂದು ಬಾಯಿಮಾತಿನಲ್ಲಿ ಕೇಳಿ ನಂಬಿ ಮೋಸ ಹೋದದ್ದಕ್ಕಿಂತ ಇದು ಎಷ್ಟೋ ಗಟ್ಟಿ.

ಎರಡನೆಯ ಅನ್ಯಾಯಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ಕೆಲವರಿಗೆ ಸಿಟ್ಟು ಬರಬಹುದು, ಬರಲಿ. ಹೆಣ್ಣು ಕೇಳುವಾಗ ಕೆಲಸವಿಲ್ಲದವನಾಗಿದ್ದ ಅದೇ ಹುಡುಗ, ಪಳ್ಳಿ ಕಮಿಟಿಗೆ, ಮದ್ರಸಕ್ಕೆ, ಸಂಘಕ್ಕೆ, ಮಾಮನ ಅಂಗಡಿಗೆ ಏನಾದರೂ ಬೇಕಾದಾಗ ಒಮ್ಮೆಲೇ "ನಮ್ಮ ಎಂಜಿನಿಯರ್" ಆಗುತ್ತಾನೆ. ಮದ್ರಸದ ಫೀಸಿನ ಲೆಕ್ಕಕ್ಕೆ ಒಂದು ಆ್ಯಪ್, ಹಾಲ್ ಬುಕಿಂಗಿಗೆ ಒಂದು ವೆಬ್‌ಸೈಟ್, ಮೀಲಾದ್ ಕಾರ್ಯಕ್ರಮಕ್ಕೆ ಮಕ್ಕಳ ಹೆಸರು ನೋಂದಣಿ, ಸಾಮೂಹಿಕ ವಿವಾಹದ ಅರ್ಜಿ. "ಮೋನು, ಒಂದು ಸಣ್ಣ ಕೆಲಸ. ನಿನಗೆ ಅರ್ಧ ಗಂಟೆಯದ್ದು." ಅದು ಅರ್ಧ ಗಂಟೆಯದ್ದು ಎಂದು ಇವರಿಗೆ ಹೇಳಿದವರು ಯಾರು?

ಅದೇ ಕಾರ್ಯಕ್ರಮದಲ್ಲಿ ಶಾಮಿಯಾನದವನಿಗೆ ದುಡ್ಡು ಕೊಡುತ್ತೇವೆ. ಮೈಕ್‌ಸೆಟ್ಟಿನವನಿಗೆ ಕೊಡುತ್ತೇವೆ. ಬಿರಿಯಾನಿ ಮಾಡಿದವನಿಗೆ, ಕುರ್ಚಿ ತಂದವನಿಗೆ, ಫ್ಲೆಕ್ಸ್ ಹೊಡೆದವನಿಗೆ, ದೂರದಿಂದ ಬಂದ ಭಾಷಣಗಾರನಿಗೆ ಕವರು ಕೊಡುತ್ತೇವೆ. ಸರ್ವರ್ ಬಾಡಿಗೆ, ಡೊಮೈನ್ ಹೆಸರಿನ ವರ್ಷದ ಶುಲ್ಕ ತನ್ನ ಕಿಸೆಯಿಂದ ಕಟ್ಟಿದ ಹುಡುಗನಿಗೆ ಮಾತ್ರ ವೇದಿಕೆಯಲ್ಲಿ ಒಂದು ಶಾಲು ಹೊದಿಸುತ್ತೇವೆ, ಕೆಲವೊಮ್ಮೆ ಅದೂ ಇಲ್ಲ. ನನ್ನ ಅನುಭವ ಒಂದು ಸಾಲಿನಲ್ಲಿ ಹೇಳುವುದಾದರೆ, ಒಂದು ಸಂಸ್ಥೆಗೆ ಮಾತಾಡಿ ದರ ನಿಶ್ಚಯಿಸಿಕೊಂಡೇ ಕೆಲಸ ಮಾಡಿಕೊಟ್ಟೆ, ಏಳು ತಿಂಗಳು ಅಲೆಸಿ ಕೊನೆಗೆ "ಇದು ದೀನಿನ ಕೆಲಸ ಅಲ್ವಾ, ಅಲ್ಲಾಹು ಕೂಲಿ ಕೊಡ್ತಾನೆ" ಎಂದರು. ಅಲ್ಲಾಹು ಕೊಡುವ ಕೂಲಿಯಲ್ಲಿ ನನಗೆ ನಂಬಿಕೆ ಇದೆ. ಅದು ಕಮಿಟಿ ಕೊಡಬೇಕಾದ ಕೂಲಿಗೆ ಬದಲಿ ಎಂದು ಯಾವ ಉಸ್ತಾದರೂ ನನಗೆ ಕಲಿಸಲಿಲ್ಲ. ಕೂಲಿಯಾಳಿನ ಬೆವರಿನ ಬಗ್ಗೆ ಇರುವ ಹದೀಸನ್ನು ನಾವೆಲ್ಲ ಮದ್ರಸದಲ್ಲೇ ಕಲಿತವರು. ಎಸಿ ಇಲ್ಲದ ಕೋಣೆಯಲ್ಲಿ ಕೀಬೋರ್ಡ್ ಒತ್ತುವವನಿಗೂ ಬೆವರು ಬರುತ್ತದೆ.

ಸದಖ ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ತನ್ನ ಕೌಶಲವನ್ನು ಪಳ್ಳಿಗೆ, ಬಡ ಮಕ್ಕಳ ಶಾಲೆಗೆ ಪುಕ್ಕಟೆ ಕೊಡುವ ಪ್ರೋಗ್ರಾಮರುಗಳು ಇದ್ದಾರೆ, ಇರಬೇಕು. ಆದರೆ ಸದಖ ಎಷ್ಟು, ಯಾವಾಗ, ಯಾರಿಗೆ ಎಂದು ನಿರ್ಧಾರ ಮಾಡುವವನು ಕೊಡುವವನು. ಇನ್ನೊಬ್ಬನ ಪರವಾಗಿ ಕಮಿಟಿಯ ಮೀಟಿಂಗಿನಲ್ಲಿ ಸದಖ ನಿಶ್ಚಯಿಸಲು ಆಗುವುದಿಲ್ಲ. ಕಲ್ಲು ಕಟ್ಟುವವನಿಗೆ "ಇದು ಪಳ್ಳಿಯ ಗೋಡೆ, ಪುಕ್ಕಟೆ ಕಟ್ಟು" ಎಂದು ನಾವು ಹೇಳುವುದಿಲ್ಲವಲ್ಲ. ಅವನು ತಾನಾಗಿ ಒಂದು ದಿನದ ಕೂಲಿ ಬಿಟ್ಟರೆ ದುಆ ಮಾಡುತ್ತೇವೆ. ಇವನಿಗೂ ಅದೇ ನ್ಯಾಯ ಇರಲಿ.

ಪುಕ್ಕಟೆ ಮಾಡಿಸಿದ್ದರಿಂದ ಸಂಸ್ಥೆಗೂ ಲಾಭ ಇಲ್ಲ. ದುಡ್ಡು ಕೊಡದೆ ಮಾಡಿಸಿದ ವೆಬ್‌ಸೈಟಿನ ಗತಿ ನೋಡಿ. ಮಾಡಿದ ಹುಡುಗ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾನೆ, ಡೊಮೈನ್ ಶುಲ್ಕ ಕಟ್ಟುವವರಿಲ್ಲ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಗೊತ್ತಿಲ್ಲ. ಒಂದು ದಿನ ಪಳ್ಳಿಯ ಹೆಸರಿನ ವಿಳಾಸ ಒತ್ತಿದರೆ ಯಾವುದೋ ಜೂಜಿನ ಜಾಹೀರಾತು ತೆರೆದುಕೊಳ್ಳುತ್ತದೆ. ಅವಧಿ ಮುಗಿದ ಹೆಸರನ್ನು ಬೇರೆಯವರು ಕೊಂಡುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ವರ್ಷಕ್ಕೆ ಒಂದು ಮೊತ್ತ ಬಜೆಟಿನಲ್ಲಿ ಇಟ್ಟಿದ್ದರೆ ಆ ಮರ್ಯಾದೆ ಹೋಗುತ್ತಿರಲಿಲ್ಲ.

ನನ್ನಂತಹ ಹುಡುಗರಿಗೂ ಇಲ್ಲಿ ಒಂದು ಮಾತು. ಕಾನೂನು ನಮ್ಮ ಜೊತೆ ಇದೆ, ಬಳಸಿಕೊಳ್ಳಿ. 2020ರ ಜುಲೈ 1ರಿಂದ ಉದ್ಯಮ್ ನೋಂದಣಿ ಇದೆ. ಆಧಾರ್ ಮತ್ತು ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಮಾಡಬಹುದು, ಒಂದು ರೂಪಾಯಿ ಶುಲ್ಕ ಇಲ್ಲ. ಒಬ್ಬನೇ ದುಡಿಯುವವನೂ ಸೂಕ್ಷ್ಮ ಉದ್ಯಮ ಎಂದು ನೋಂದಾಯಿಸಿಕೊಳ್ಳಬಹುದು. ಆಮೇಲೆ 2006ರ ಎಂಎಸ್‌ಎಂಇ ಕಾಯ್ದೆ ನಿಮಗೆ ಅನ್ವಯಿಸುತ್ತದೆ. ಬರಹದಲ್ಲಿ ಒಪ್ಪಂದ ಇದ್ದರೂ ಕೊಳ್ಳುವವನು 45 ದಿನಕ್ಕಿಂತ ಹೆಚ್ಚು ಹಣ ತಡೆಯುವಂತಿಲ್ಲ, ತಡೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಚಕ್ರಬಡ್ಡಿಯಾಗಿ ಕೊಡಬೇಕು ಎನ್ನುತ್ತದೆ ಆ ಕಾಯ್ದೆ. ಬಡ್ಡಿ ನಮಗೆ ಬೇಡ, ಅದು ಹರಾಂ. ಅಸಲು ಸಮಯಕ್ಕೆ ಸಿಗಲಿ, ಅಷ್ಟು ಸಾಕು. ಕಾಯ್ದೆಯ ಹೆಸರು ಬಿಲ್ಲಿನ ಕೆಳಗೆ ಒಂದು ಸಾಲು ಅಚ್ಚಾದರೂ ಬಹಳ ಜನರಿಗೆ ಕೂಡಲೇ ನೆನಪಾಗುತ್ತದೆ. ಅದಕ್ಕಿಂತ ಮೊದಲು ಅಂಗಡಿಯಿಂದ ಕಲಿಯಬೇಕಾದದ್ದನ್ನು ಕಲಿಯಿರಿ. ಮುಂಗಡ ತೆಗೆದುಕೊಳ್ಳಿ. ಬಾಯಿಮಾತಿನ ಕೆಲಸ ಬೇಡ, ಚೀಟಿ ಬರೆಯಿರಿ. ಯಾರ ಕಡ ಎಷ್ಟಿದೆ ಎಂದು ಪುಸ್ತಕದಲ್ಲಿ ಇರಲಿ. ಹಳೆಯ ಕಡ ತೀರದೆ ಹೊಸ ಸಾಮಾನು ಕಟ್ಟಬೇಡಿ.

ಮೂರನೆಯದು ಹವ್ಯಾಸದ ವಿಷಯ. ಪ್ರೋಗ್ರಾಮರುಗಳಿಗೆ ವಿಚಿತ್ರ ಹುಚ್ಚುಗಳು ಇರುತ್ತವೆ, ಒಪ್ಪುತ್ತೇನೆ. ಹಳೆಯ ಲ್ಯಾಪ್‌ಟಾಪ್ ಬಿಚ್ಚಿ ಲಿನಕ್ಸ್ ಹಾಕುತ್ತಾರೆ. ಆರ್ಡುಯಿನೊ ಎಂಬ ಅಂಗೈಯಷ್ಟು ಬೋರ್ಡಿಗೆ ತಂತಿ ಕಟ್ಟಿ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೆ ಮೊದಲ ಹನಿ ಬಿದ್ದ ಕೂಡಲೇ ಬೆಲ್ ಹೊಡೆಯುವಂತೆ ಮಾಡುತ್ತಾರೆ. ಮನೆಯವರಿಗೆ ಇದೆಲ್ಲ ಮಕ್ಕಳಾಟ. ಆದರೆ ಈ ವೃತ್ತಿಯಲ್ಲಿ ಆಟಕ್ಕೂ ಕೆಲಸಕ್ಕೂ ನಡುವೆ ಗೋಡೆ ಇಲ್ಲ. ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಹವ್ಯಾಸಕ್ಕೆಂದು ಶುರು ಮಾಡಿದ್ದೇ ಲಿನಕ್ಸ್. ಇವತ್ತು ನಮ್ಮೆಲ್ಲರ ಕಿಸೆಯ ಆಂಡ್ರಾಯ್ಡ್ ಫೋನು ಅದರ ಮೇಲೆ ನಿಂತಿದೆ. ನನ್ನದು ಮೆಕ್ಯಾನಿಕಲ್ ಡಿಪ್ಲೊಮಾ. "ಮೆಕ್ಯಾನಿಕಲ್ ಕಲಿತು ಕಂಪ್ಯೂಟರ್ ಯಾಕೆ" ಎಂದು ಕೇಳುವವರಿಗೆ ಹೇಳುವುದಿಷ್ಟೆ: ಸಿಎನ್‌ಸಿ ಯಂತ್ರಕ್ಕೆ ಜಿ01 ಎಂದು ಬರೆದರೆ ಉಳಿ ನೇರ ಗೆರೆಯಲ್ಲಿ ಕೊಯ್ಯುತ್ತದೆ, ಎಂ30 ಎಂದು ಬರೆದರೆ ಕೆಲಸ ಮುಗಿಸುತ್ತದೆ. ಅದೂ ಪ್ರೋಗ್ರಾಮೇ. ಕಬ್ಬಿಣಕ್ಕೆ ಬರೆಯುವುದನ್ನು ಕಲಿತವನು ಲೆಕ್ಕಪುಸ್ತಕಕ್ಕೆ ಬರೆಯುತ್ತಾನೆ, ಅಷ್ಟೇ.

ನನ್ನ ಹವ್ಯಾಸ ನಮಾಝಿನ ಸಮಯದ ಲೆಕ್ಕ. ಇದರಿಂದ ಎಂತ ಪ್ರಯೋಜನ ಎನ್ನುವವರು ಕೇಳಿ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಅದರ ಮೇಲೆ ಭೂಮಿಯ ಓಟದ ಏರಿಳಿತ ಸೇರಿ, ನಡುಮಧ್ಯಾಹ್ನ ಫೆಬ್ರವರಿ ನಡುವಿನಲ್ಲಿ 12.44ರ ಹತ್ತಿರ, ನವೆಂಬರ್ ಆರಂಭದಲ್ಲಿ 12.14ರ ಹತ್ತಿರ ಆಗುತ್ತದೆ. ಲುಹರ್ ಅದರ ನಂತರವೇ. ನಾವು ಶಾಫಿಗಳು. ವಸ್ತುವಿನ ನೆರಳು ನಡುಮಧ್ಯಾಹ್ನದ ನೆರಳಿಗಿಂತ ಅದರ ಉದ್ದದಷ್ಟು ಹೆಚ್ಚಾದಾಗ ನಮಗೆ ಅಸರ್. ಹನಫಿಗಳಿಗೆ ಎರಡು ಪಟ್ಟು ಆಗಬೇಕು. ಫೋನಿನ ಕೆಲವು ಆ್ಯಪ್‌ಗಳು ಭಾರತ ಎಂದು ಕಂಡ ಕೂಡಲೇ ಹನಫಿ ಲೆಕ್ಕ ಹಾಕಿ ಅಸರನ್ನು ಸುಮಾರು ಒಂದು ಗಂಟೆ ತಡವಾಗಿ ತೋರಿಸುತ್ತವೆ. ಸುಬಹಿಯದ್ದು ಇನ್ನೂ ಸೂಕ್ಷ್ಮ. ಸೂರ್ಯ ದಿಗಂತದ ಕೆಳಗೆ 18 ಡಿಗ್ರಿ ಇರುವಾಗ ಎಂದು ಒಂದು ಲೆಕ್ಕ, ಉತ್ತರ ಅಮೆರಿಕದಲ್ಲಿ ಬಳಕೆಯಲ್ಲಿರುವ 15 ಡಿಗ್ರಿಯದ್ದು ಇನ್ನೊಂದು. ನಮ್ಮ ಊರಿನಲ್ಲಿ ಇವುಗಳ ನಡುವೆ ಹನ್ನೆರಡು ಹದಿಮೂರು ನಿಮಿಷದ ಅಂತರ. ರಮಳಾನಿನಲ್ಲಿ ತಪ್ಪು ಲೆಕ್ಕದ ಆ್ಯಪ್ ನೋಡಿ ಅತ್ತಾಳ ಉಂಡವನ ಉಪವಾಸದ ಗತಿ ಏನು? ಇದನ್ನು ಪರೀಕ್ಷಿಸಿ ಊರಿಗೆ ಸರಿಯಾದ ಪಟ್ಟಿ ಕೊಡಬಲ್ಲವನು ರಾತ್ರಿ ಲೈಟು ಉರಿಸುವ ಆ ಹುಚ್ಚ.

ಭಾಷೆಯ ವಿಷಯವೂ ಹಾಗೆಯೇ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2020ರಲ್ಲಿ ಬ್ಯಾರಿ ಲಿಪಿಯನ್ನು ಬಿಡುಗಡೆ ಮಾಡಿತು. ನಾವು ಚಪ್ಪಾಳೆ ತಟ್ಟಿದೆವು. ಆ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ ಇನ್ನೂ ಜಾಗ ಇಲ್ಲ. ಯೂನಿಕೋಡ್ ಎಂದರೆ ಲೋಕದ ಪ್ರತಿ ಅಕ್ಷರಕ್ಕೂ ಒಂದು ನಂಬರು ಕೊಡುವ ಪಟ್ಟಿ. ಅದರಲ್ಲಿ ನಂಬರಿಲ್ಲದ ಅಕ್ಷರವನ್ನು ನನ್ನ ಫೋನಿನಲ್ಲಿ ಬರೆದು ಕಳಿಸಿದರೆ ನಿಮ್ಮ ಫೋನಿನಲ್ಲಿ ಅದು ಬೇರೆಯೇ ಏನೋ ಆಗಿ ಕಾಣುತ್ತದೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನ 16ನೇ ಆವೃತ್ತಿಯಲ್ಲಿ ಆ ಪಟ್ಟಿಗೆ ಸೇರಿತು. ಅದರ ಹಿಂದೆ ವರ್ಷಗಟ್ಟಲೆ ಅರ್ಜಿ ಬರೆದವರ, ಮಾದರಿ ಕೂಡಿಸಿದವರ ದುಡಿಮೆ ಇದೆ. ಅದೇ ವರ್ಷ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ 110 ಹೊಸ ಭಾಷೆಗಳನ್ನು ಸೇರಿಸಿಕೊಂಡಾಗ ತುಳು ಇತ್ತು, ಬ್ಯಾರಿ ಇರಲಿಲ್ಲ. ಮಲಯಾಳಕ್ಕೆ ಫಾಂಟು ಮಾಡಿ ಹಂಚಲು 2002ರಲ್ಲೇ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಹವ್ಯಾಸಿಗಳ ಗುಂಪು ಹುಟ್ಟಿತು. ನಾವು ಬ್ಯಾರಿಯನ್ನು ಕನ್ನಡ ಅಕ್ಷರದಲ್ಲಿ ಬರೆಯಹೊರಟರೆ ಫೋನಿನ ಕೀಬೋರ್ಡ್ ಅದನ್ನು ತಪ್ಪು ಕನ್ನಡ ಎಂದು ತಿದ್ದಲು ಬರುತ್ತದೆ. ಭಾಷಣದಿಂದ ಇದು ಸರಿಯಾಗುವುದಿಲ್ಲ. ಪದಪಟ್ಟಿ ಕೂಡಿಸಿ, ಕೀಬೋರ್ಡ್ ಬರೆದು, ಫಾಂಟ್ ಎಳೆದು, ಅರ್ಜಿ ಹಾಕುವ ನಾಲ್ಕು ಜನ ಬೇಕು. ಆ ನಾಲ್ಕು ಜನರನ್ನು ನಾವು "ಏನಾದರೂ ಕೆಲಸ ನೋಡು" ಎಂದು ಕತಾರಿನ ಸೂಪರ್ ಮಾರ್ಕೆಟಿಗೆ ಕಳಿಸಿಬಿಟ್ಟರೆ ಉಳಿಯುವುದು ಶಾಲು ಮತ್ತು ಚಪ್ಪಾಳೆ.

ಕಾಸರಗೋಡಿನ ನಮ್ಮ ಮಕ್ಕಳಿಗೆ ಇದರಲ್ಲಿ ಒಂದು ಮೇಲುಗೈ ಇತ್ತು. ಕೇರಳದಲ್ಲಿ ಐಟಿ@ಸ್ಕೂಲ್ 2001ರಲ್ಲಿ ಶುರುವಾಯಿತು. ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಬಂತು, ಕನ್ನಡ ಮಾಧ್ಯಮದ ಶಾಲೆಗಳಿಗೂ ಬಂತು. 2018ರಿಂದ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಕ್ಲಬ್ ಇದೆ. ಪ್ರೋಗ್ರಾಮಿಂಗ್, ಆ್ಯನಿಮೇಷನ್, ಎಲೆಕ್ಟ್ರಾನಿಕ್ಸ್ ಅಲ್ಲಿ ಪುಕ್ಕಟೆ ಕಲಿಯಬಹುದು. ಅದರಲ್ಲಿ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಶಾಲೆ ಮುಗಿಯುವವರೆಗೆ ಕೈಯಲ್ಲಿದ್ದ ಈ ವಿದ್ಯೆ ಆಮೇಲೆ ಎಲ್ಲಿ ಹೋಗುತ್ತದೆ? ಹುಡುಗ ವಿಸಾದ ಹಿಂದೆ, ಹುಡುಗಿ ಅಡುಗೆಮನೆಯ ಒಳಗೆ. ಮನೆಯಿಂದಲೇ ದುಡಿಯಬಹುದಾದ ಈ ಕೆಲಸ ಮದುವೆಯಾದ ಹೆಣ್ಣುಮಗಳಿಗೂ ಒದಗುತ್ತದೆ. ಆದರೆ "ಮನೆಯಲ್ಲೇ ಇದ್ದಾಳಲ್ಲ" ಎಂಬ ಅದೇ ಮಾತಿನ ಬಲದಿಂದ ಗಂಟೆಗೆ ನಾಲ್ಕು ಸಲ ಅವಳನ್ನು ಎಬ್ಬಿಸುತ್ತೇವೆ. ಅವಳ ಕೋಣೆಯ ಬಾಗಿಲು ಮೂರು ಗಂಟೆ ಮುಚ್ಚಿರಲು ಬಿಡದ ಮನೆ ಅವಳ ಸಂಬಳವನ್ನು ಮಾತ್ರ ಲೆಕ್ಕ ಮಾಡುವುದು ನ್ಯಾಯವಲ್ಲ. ಹೊರಗೆ ಹೋಗಿ ದುಡಿಯಬೇಕೆಂದಿರುವವಳಿಗೆ "ಮನೆಯಲ್ಲೇ ಮಾಡಬಹುದಲ್ಲ" ಎಂದು ಅಡ್ಡಗಟ್ಟಲು ಈ ಲೇಖನವನ್ನು ಬಳಸಿದರೆ ಅದೂ ಅನ್ಯಾಯವೇ.

ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ಪುದಿಯಾಪ್ಳೆ ಹುಡುಕುವ ಮನೆಯವರು ಕಂಪೆನಿ ಹೆಸರಿನ ಬದಲು ಬಿಲ್ಲು ಮತ್ತು ರಿಟರ್ನ್ ಕೇಳಲಿ. ಕಮಿಟಿಗಳು ಮುಂದಿನ ವರ್ಷದ ಬಜೆಟಿನಲ್ಲಿ ಶಾಮಿಯಾನ, ಮೈಕ್‌ಸೆಟ್ ಬರೆಯುವ ಕಡೆ ಸಾಫ್ಟ್‌ವೇರ್ ಎಂದು ಒಂದು ಸಾಲು ಬರೆದು, ಮಾತಾಡಿದ ಮೊತ್ತವನ್ನು 45 ದಿನದೊಳಗೆ ಕೊಡಲಿ. ಮನೆಯವರು ಲ್ಯಾಪ್‌ಟಾಪ್ ತೆರೆದಿದ್ದರೆ ಅಂಗಡಿ ತೆರೆದಿದೆ ಎಂದು ತಿಳಿದುಕೊಳ್ಳಲಿ. ತೆರೆದ ಅಂಗಡಿಯಿಂದ ಅಂಗಡಿಯವನನ್ನು ಎಬ್ಬಿಸಿ ಗ್ಯಾಸ್ ಸಿಲಿಂಡರ್ ತರಲು ಕಳಿಸುವವರು ನಮ್ಮಲ್ಲಿ ಯಾರೂ ಇಲ್ಲ. ಅಂಗಡಿಯ ಮರ್ಯಾದೆ ಗೊತ್ತಿರುವ ಜನ ನಾವು. ಬೋರ್ಡು ಕಾಣದ ಅಂಗಡಿಗೂ ಆ ಮರ್ಯಾದೆ ಕೊಟ್ಟರೆ ನಮ್ಮ ಹುಡುಗರು ಊರಿನಲ್ಲೇ ಉಳಿದು ದುಡಿಯುತ್ತಾರೆ.